ಅಜ್ಜ ಜಯಂಟ್ ವೀಲ್ ಹತ್ತಿದ ಭಾನುವಾರ

ಕಾಪು
22 ಮೇ 1983

ಪ್ರೀತಿಯ ಬಾಪನಿಗೆ,

ನಿಮ್ಮ ಸಫಿಯಾಳ ಸಲಾಂ. ಅಲ್ಲಾಹನ ದಯೆಯಿಂದ ನಾವೆಲ್ಲ ಸೌಖ್ಯ. ಅಲ್ಲಿ ಸೆಕೆ ಶುರುವಾಗಿರಬೇಕು, ತಲೆಗೆ ಒದ್ದೆ ಬಟ್ಟೆ ಕಟ್ಟದೆ ಬಿಸಿಲಿಗೆ ಇಳಿಯಬಾರದು ಎಂದು ಅಜ್ಜಿ ಮೊದಲ ಸಾಲಿನಲ್ಲೇ ಬರೆಸಿದ್ದಾರೆ. ಬರೆದಿದ್ದೇನೆ, ನೋಡಿ.

ಈ ಸಲ ಪತ್ರ ತುಂಬಾ ತಡವಾಯಿತು, ಬೈಯಬೇಡಿ. ಬರೆಯಲು ಕುಳಿತಾಗಲೆಲ್ಲ ಉಮ್ಮ ಹಿಂದಿನಿಂದ ಬಂದು ನಿಲ್ಲುತ್ತಿದ್ದರು. “ಅದೆಲ್ಲ ಬಾಪನಿಗೆ ಬರೆಯಬೇಡ ಮಗಳೇ. ಅಲ್ಲಿ ಒಬ್ಬರೇ ಕೂತು ತಲೆಬಿಸಿ ಮಾಡಿಕೊಳ್ಳುತ್ತಾರೆ.” ನಾನು ಪೆನ್ನು ಕೆಳಗಿಡುತ್ತಿದ್ದೆ. ಇವತ್ತು ಇಡುವುದಿಲ್ಲ.

ಮೊದಲು ಒಳ್ಳೆಯ ಸುದ್ದಿ. ನನ್ನ ಎಸ್ಸೆಸ್ಸೆಲ್ಸಿ ಪಾಸಾಯಿತು, ಫಸ್ಟ್ ಕ್ಲಾಸ್! ಗಣಿತದಲ್ಲಿ ಮಾತ್ರ ಸ್ವಲ್ಪ ಕೈಕೊಟ್ಟಿತು. ಅಜ್ಜ ಪೇಟೆಯ ತಮ್ಮ ತೆಂಗಿನಕಾಯಿ ಅಂಗಡಿಯಲ್ಲಿ ಬಂದವರಿಗೆಲ್ಲ ಕಲ್ಲುಸಕ್ಕರೆ ಕೊಟ್ಟರಂತೆ. ಎಷ್ಟು ಮಾರ್ಕು ಎಂದು ಯಾರಾದರೂ ವಿಚಾರಿಸಿದರೆ ಮಾತ್ರ “ಅದೆಲ್ಲ ಮನೆಯಲ್ಲಿ ಉಂಟು” ಎಂದರಂತೆ.

ಇನ್ನು ಎಕ್ಸಿಬಿಷನ್ ಸುದ್ದಿ. ಉಡುಪಿಯಲ್ಲಿ ಒಂದು ತಿಂಗಳು ದೊಡ್ಡ ಎಕ್ಸಿಬಿಷನ್ ಇತ್ತು ಬಾಪಾ! ಜಯಂಟ್ ವೀಲ್, ಮಕ್ಕಳ ರೈಲು, ಮೋಟಾರ್ ಸೈಕಲ್ ಗೋಡೆ ಹತ್ತುವ ಬಾವಿ, ಮುಖ ಉದ್ದ ಕಾಣುವ ಕನ್ನಡಿ. ನನ್ನ ಕ್ಲಾಸಿನ ಝೀಟಾ ಎರಡು ಸಲ ಹೋಗಿ ಬಂದು, “ಮೇಲೆ ಹೋದರೆ ಹೊಟ್ಟೆ ಕೆಳಗೇ ಉಳಿಯುತ್ತದೆ ಮಾರಾಯ್ತಿ” ಎಂದು ನನ್ನ ನಿದ್ದೆ ಕೆಡಿಸಿದ್ದಳು. ಆದರೆ ನಿಜ ಹೇಳುತ್ತೇನೆ, ನಾನು ಹೋಗುವ ಎಂದು ಹಠ ಹಿಡಿದದ್ದು ಬರೀ ಜಯಂಟ್ ವೀಲಿಗಲ್ಲ. ಅಜ್ಜಿಗೆ ಆಸಿಯಾ ಮಾಮಿಯನ್ನು ತೋರಿಸಲಿಕ್ಕೆ.

ನಿಮ್ಮ ತಂಗಿ ಆಸಿಯಾ ಮಾಮಿಯ ವಿಷಯ ನಿಮಗೆ ಅರ್ಧ ಮಾತ್ರ ಗೊತ್ತು. ಅವರ ತಂಗಿ, ನಮ್ಮ ಸಣ್ಣ ಮಾಮಿಯ ಮದುವೆಯಾದಾಗ ನೀವು ದುಬೈಗೆ ಹೋಗಿ ಒಂದು ವರ್ಷವಾಗಿತ್ತು. ‘ಸಣ್ಣ ಮಾತಾಗಿದೆ, ಸರಿಯಾಗುತ್ತದೆ’ ಎಂದಷ್ಟೇ ನಿಮಗೆ ಬರೆದದ್ದು. ಆದದ್ದು ಇಷ್ಟು. ಮನೆಯ ಹಿರಿಯ ಅಳಿಯ, ಆಸಿಯಾ ಮಾಮಿಯ ಗಂಡನನ್ನು ಮದುವೆಗೆ ಕರೆಯಲು ಮಾವನೇ ಹೋಗಬೇಕಲ್ವಾ? ಅಜ್ಜ ಕಾರ್ಕಳದ ಆಚೆ ಅವರ ಊರು ಬಜಗೋಳಿಗೆ ಹೋಗಲಿಲ್ಲ, ಅಂಗಡಿಯ ಕೆಲಸದವನ ಕೈಯಲ್ಲಿ ಹೇಳಿ ಕಳುಹಿಸಿದರು. “ನನ್ನನ್ನು ಕರೆಯಲು ಕಾಯಿ ಸುಲಿಯುವವನಾ?” ಎಂದು ಮೂಸಾ ಮಾಮ ಮದುವೆಗೆ ಬರಲಿಲ್ಲ, ಮಾಮಿಯನ್ನೂ ಕಳುಹಿಸಲಿಲ್ಲ. ಅಜ್ಜ ಚಪ್ಪರದಲ್ಲಿ ಎಲ್ಲರ ಎದುರು, “ಇನ್ನು ನಮ್ಮ ಮನೆಯಿಂದ ಯಾರೂ ಬಜಗೋಳಿಯ ಬಸ್ಸು ಹತ್ತಬಾರದು” ಎಂದುಬಿಟ್ಟರು. ನಾಲ್ಕು ವರ್ಷ. ಅಜ್ಜಿ ಮಗಳ ಮುಖ ನೋಡಲಿಲ್ಲ. ಮಾಮಿಗೆ ನಡುವೆ ಒಂದು ಗಂಡು ಮಗುವಾಯಿತು, ಅದನ್ನೂ ನೋಡಲಿಲ್ಲ. ನಮಾಝ್ ಮುಗಿಸಿ ಅಜ್ಜಿ ಎಲ್ಲರ ಹೆಸರು ಹೇಳಿ ದುಆ ಮಾಡುತ್ತಾರೆ. ಮಾಮಿಯ ಹೆಸರು ಬಂದಾಗ ತುಟಿ ಮಾತ್ರ ಅಲ್ಲಾಡುತ್ತದೆ. ಅಜ್ಜನಿಗೆ ಕೇಳಿಸಬಾರದೆಂದು.

ಅದಕ್ಕೆ ನಾನೂ ಉಮ್ಮನೂ ಸೇರಿ ಒಂದು ಉಪಾಯ ಮಾಡಿದೆವು. ಮಾಮಿಗೆ ಕಾರ್ಡು ಹಾಕಿದೆ: ‘ಭಾನುವಾರ ಸಂಜೆ ಉಡುಪಿ ಎಕ್ಸಿಬಿಷನ್, ಜಯಂಟ್ ವೀಲ್ ಹತ್ತಿರ.’ ನಾನು ಅಜ್ಜನನ್ನು ವೀಲ್ ಹತ್ತಿಸುವುದು, ಅದು ಸುತ್ತಿ ಇಳಿಯುವಷ್ಟರಲ್ಲಿ ಅಜ್ಜಿ, ಮಾಮಿ ಕೆಳಗೆ ಮುಖ ನೋಡಿಕೊಳ್ಳುವುದು. ಬಜಗೋಳಿಯ ಬಸ್ಸನ್ನು ಯಾರೂ ಹತ್ತಿದ ಹಾಗಾಗಲಿಲ್ಲ, ಅಜ್ಜನ ಮಾತೂ ಮುರಿಯಲಿಲ್ಲ. ಚೆನ್ನಾಗಿಲ್ವಾ?

ಹೊರಡುವ ದಿನ ಬೆಳಿಗ್ಗೆ ಅಜ್ಜಿಗೆ ಹೇಳಿದೆವು. ಅವರು ಎದ್ದು ಹೋಗಿ ಹೊಸ ಬುರ್ಖಾ ತೆಗೆದರು. ನೀವು ಕಳುಹಿಸಿದ ಕಪ್ಪು ಬಟ್ಟೆಯ ಥಾನಿನಿಂದ ಹೊಲಿಸಿದ್ದು. ಅದೇ ಥಾನಿನಿಂದ ಮಾಮಿಗೂ ಒಂದು ತುಂಡು ಗುಟ್ಟಾಗಿ ಹೋಗಿತ್ತು, ಕಾರ್ಕಳದ ಕಡೆ ಹೋಗುವ ಒಬ್ಬರ ಕೈಯಲ್ಲಿ. ಆಗ ಅದು ನಮಗೆ ನೆನಪಾಗಲೇ ಇಲ್ಲ.

ಬಸ್ಸಿನಲ್ಲಿ ಅಜ್ಜ ಭಾರೀ ಖುಷಿಯಲ್ಲಿದ್ದರು. ಕಂಡಕ್ಟರನ ಹತ್ತಿರ, “ನನಗೆ ಮುದುಕರ ಟಿಕೆಟು ಕೊಡು, ನಾನು ತೊಟ್ಟಿಲಾಡಲು ಹೋಗುವುದು” ಎಂದರು. ಅವನೂ ಕಡಿಮೆಯಿಲ್ಲ. “ಹಾಗಾದರೆ ಮಕ್ಕಳ ಟಿಕೆಟು ಸಾಕು ಬ್ಯಾರಿಗಳೇ!” ಇಡೀ ಬಸ್ಸು ನಕ್ಕಿತು.

ಎಕ್ಸಿಬಿಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಜ್ಜಿಗೆ ಬಾಯಾರಿತು ಎಂದು ಉಮ್ಮ ಅವರನ್ನು ಸೋಡದ ಅಂಗಡಿಗೆ ಕರೆದುಕೊಂಡು ಹೋದರು. ನಾನು, ಅಜ್ಜ ಟಿಕೆಟು ಹಿಡಿದು ಸಾಲಿನಲ್ಲಿ ನಿಂತೆವು. ಅಷ್ಟರಲ್ಲಿ ನನ್ನ ಹಿಂದೆ ಬುರ್ಖಾದವರೊಬ್ಬರು ಬಂದು ನಿಂತದ್ದು ಗೊತ್ತಾಯಿತು. ಅದೇ ಥಾನಿನ ಬಟ್ಟೆ, ಮುಖದ ಪರದೆ ಕೆಳಗೆ ಬಿಟ್ಟಿತ್ತು. ಅಜ್ಜಿಯೇ ಬಂದರು ಎಂದು ನಾನೂ ತಿಳಿದೆ. ಅಜ್ಜ ತಿರುಗಿ ನೋಡಿ, “ಸೋಡ ಕುಡಿದಾಯಿತಾ? ನನ್ನನ್ನು ಒಬ್ಬನನ್ನೇ ಮೇಲೆ ಕಳುಹಿಸಿ ಕೆಳಗೆ ನಿಂತು ನಗಬೇಕೆಂದು ಮಾಡಿದ್ದೀಯಾ? ಬಾ” ಎಂದು ಅವರ ಮಣಿಗಂಟು ಹಿಡಿದೇಬಿಟ್ಟರು.

“ಹತ್ತಿ ಹತ್ತಿ, ಬೇಗ! ಅಜ್ಜ, ಸಂಸಾರ ಮೇಲೆ ಹೋಗಿ ಮಾಡಿ” ಎಂದು ವೀಲಿನವನು ತೊಟ್ಟಿಲನ್ನು ಒತ್ತಿ ಹಿಡಿದ. ಅವರಿಬ್ಬರೂ ಒಂದು ಬದಿ, ನಾನು ಎದುರು. ಕಬ್ಬಿಣದ ಸರಳು ಟಪ್ಪೆಂದು ಬಿತ್ತು. ಆಗ ಅವರು ಸರಳು ಹಿಡಿದರು. ಅಜ್ಜಿಯ ಸೊಟ್ಟಗಾದ ಬೆರಳುಗಳಲ್ಲ ಅವು. ದುಂಡಗಿನ ಕೈ, ಹೆಬ್ಬೆರಳ ಹತ್ತಿರ ಸುಟ್ಟ ಕಲೆ. ಆಸಿಯಾ ಮಾಮಿ!

ಬಾಪಾ, ನನ್ನ ಹೊಟ್ಟೆ ಆಗಲೇ ಕೆಳಗೆ ಉಳಿಯಿತು. ವೀಲ್ ಇನ್ನೂ ಸರಿಯಾಗಿ ತಿರುಗಿರಲೂ ಇಲ್ಲ.

ಜನ ಹತ್ತಿಸಲಿಕ್ಕೆಂದು ಅದು ಸ್ವಲ್ಪ ಸ್ವಲ್ಪವೇ ಮೇಲೆ ಹೋಗಿ, ನಮ್ಮ ತೊಟ್ಟಿಲು ತುದಿಗೆ ಬಂದಾಗ ನಿಂತಿತು. ತಣ್ಣಗಿನ ಗಾಳಿ. ಒಂದು ಬದಿಯಲ್ಲಿ ಸಮುದ್ರದ ಗೆರೆ, ಇನ್ನೊಂದು ಬದಿಯಲ್ಲಿ ಕಡಿಯಾಳಿಯ ತೆಂಗಿನ ಮರಗಳು, ಅದರಾಚೆ ಮಣಿಪಾಲದ ಗುಡ್ಡ. ಅಜ್ಜ ಗುಡ್ಡದ ಕಡೆಗೇ ನೋಡುತ್ತಿದ್ದರು. ನಗು ಹೋಗಿತ್ತು.

“ಅಕೊ, ಆ ಗುಡ್ಡದ ಹಿಂದೆ ಕಾರ್ಕಳ” ಎಂದರು. “ಅದರ ಹಿಂದೆ ನಮ್ಮ ಹುಡುಗಿ.”

ಮಾಮಿ ಪರದೆಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು.

“ಅಜ್ಜಾ...” ಎಂದೆ.

“ನೀನು ಸುಮ್ಮನಿರು. ಇದು ನಮ್ಮಿಬ್ಬರ ಮಾತು.” ಅಜ್ಜ ಅವರ ಕಡೆ ತಿರುಗಲೂ ಇಲ್ಲ, ಗುಡ್ಡಕ್ಕೇ ಹೇಳುವ ಹಾಗೆ ಹೇಳಿದರು. “ನಾನು ಕೋಪದಲ್ಲಿ ಹೇಳಿದ್ದು ಹೌದು. ಗಂಡಸು, ಚಪ್ಪರದಲ್ಲಿ ಹತ್ತು ಜನರ ಎದುರು ಹೇಳಿದ ಮೇಲೆ ನಾನಾಗಿಯೇ ಹೇಗೆ ನುಂಗುವುದು? ನೀನು ಒಂದು ಸಲ ಕೇಳಬೇಕಿತ್ತು. ಮಗಳನ್ನು ನೋಡಿ ಬರುವಾ ಎಂದು, ಒಂದೇ ಸಲ. ಪ್ರತಿ ಪೆರ್ನಾಳ್ ಹಬ್ಬಕ್ಕೂ ಹೊಸ ಅಂಗಿ ಹಾಕಿ ಜಗಲಿಯಲ್ಲಿ ಕೂತೆ, ಇವತ್ತು ಕೇಳುತ್ತಾಳೆ ಎಂದು. ನೀನು ಗಂಜಿಗೆ ಉಪ್ಪು ಸಾಕಾ ಎಂದು ಕೇಳಿದೆ. ಮಗು ಹುಟ್ಟಿದ ಸುದ್ದಿ ಬಂತು, ಆಗಲೂ ಕೇಳಲಿಲ್ಲ. ಹೆತ್ತವಳಿಗೇ ಬೇಡದಿದ್ದರೆ ನನಗೆ ಎಂತ ಎಂದು ನಾನೂ ಸುಮ್ಮನೆ ಕೂತೆ.”

ಮಾಮಿ ಸರಳನ್ನು ಎಳೆದು ಬಿಗಿಯಾಗಿ ಹಿಡಿದರು. ಸರಳು ಅಲುಗಿದಾಗ ಅಜ್ಜ ನೋಡದೆಯೇ, “ಹೆದರಿಕೆಯಾ? ನನಗೂ ಉಂಟು” ಎಂದು ಅವರ ಕೈಯ ಮೇಲೆ ಕೈಯಿಟ್ಟರು. ಆಮೇಲೆ ವೀಲ್ ಜೋರಾಗಿ ತಿರುಗಿತು. ಅಜ್ಜ ಕಣ್ಣು ಮುಚ್ಚಿದವರು ಇಳಿಯುವವರೆಗೆ ತೆರೆಯಲಿಲ್ಲ. ನಾನು ಇಷ್ಟು ದಿನ ಕನಸು ಕಂಡ ಜಯಂಟ್ ವೀಲ್. ಎಷ್ಟು ಸುತ್ತು ಹಾಕಿತೋ ನನಗೆ ಗೊತ್ತಿಲ್ಲ.

ಕೆಳಗೆ ಸರಳು ಎತ್ತಿದಾಗ ಎದುರಿಗೆ ಉಮ್ಮ ನಿಂತಿದ್ದರು. ಪಕ್ಕದಲ್ಲಿ ಅಜ್ಜಿ, ಪರದೆ ಮೇಲಕ್ಕೆ ಹಾಕಿ, ಗುಂಪಿನಲ್ಲಿ ಮಗಳನ್ನು ಹುಡುಕುತ್ತಾ. ಅಜ್ಜ ಅಜ್ಜಿಯನ್ನು ನೋಡಿದರು, ತಾವು ಹಿಡಿದ ಕೈಯನ್ನು ನೋಡಿದರು. “ಯಾ ಅಲ್ಲಾಹ್” ಎಂದರು. ಮಾಮಿ ಪರದೆ ಎತ್ತಿದರು. ಮುಖ ಪೂರಾ ಒದ್ದೆ.

ಅಜ್ಜ ಬೈಯುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಅವರು ಬೈಯಲಿಲ್ಲ. “ಆಸಿಯಾ, ನೀನು ಸಪೂರ ಆಗಿದ್ದೀ” ಎಂದರು. ಅಷ್ಟೇ.

ಅಜ್ಜಿ ಓಡಿ ಬಂದು ಮಾಮಿಯನ್ನು ತಬ್ಬಿಕೊಂಡರು. ನಾವು ಇಷ್ಟೆಲ್ಲ ಮಾಡಿದ್ದು ಅದನ್ನು ನೋಡಲಿಕ್ಕಲ್ವಾ? ಆದರೆ ಮಾಮಿಯ ಎರಡು ಕೈಗಳೂ ಕೆಳಗೇ ಇದ್ದವು.

“ಉಮ್ಮಾ, ನೀವು ಒಂದು ಸಲವೂ ಕೇಳಲಿಲ್ವಾ?”

ಅಜ್ಜಿಗೆ ಅರ್ಥವಾಗಲಿಲ್ಲ. “ಎಂತದು ಮಗಳೇ?”

“ನನ್ನನ್ನು ನೋಡಲು ಹೋಗುವ ಎಂದು. ಬಾಪ ಬಿಡುವುದಿಲ್ಲ, ಉಮ್ಮ ಅಲ್ಲಿ ದಿನಾ ಅಳುತ್ತಾರೆ, ಬೇಡಿಕೊಳ್ಳುತ್ತಾರೆ ಎಂದು ನಾನು ತಿಳಿದದ್ದು. ಹೆರಿಗೆ ನೋವಿನಲ್ಲೂ ಬಾಪನನ್ನೇ ಬೈದೆ. ನೀವು ಬಾಯೇ ತೆರೆಯಲಿಲ್ವಾ?”

ಅಜ್ಜಿ ಕೈ ತೆಗೆದರು. ಒಮ್ಮೆ ಅಜ್ಜನ ಕಡೆ ನೋಡಿದರು. “ಕೇಳಿದರೆ ಬೇಡ ಎನ್ನುತ್ತಿದ್ದರು” ಎಂದರು ಮೆಲ್ಲನೆ. “ಬೇಡ ಎಂದ ಮೇಲೆ ಮತ್ತೆ ಕೇಳುವ ಕ್ರಮ ಉಂಟಾ? ಅಲ್ಲಿಗೆ ಮುಗಿಯಿತಲ್ಲ. ಕೇಳದೆ ಇದ್ದರೆ ಒಂದು ದಿನ ಅವರಾಗಿಯೇ ಹೇಳಬಹುದು ಎಂದು...”

“ಅಜ್ಜ, ಇಳಿದವರು ಬದಿಗೆ ಬನ್ನಿ, ಜನ ಉಂಟು ಹಿಂದೆ!” ವೀಲಿನವನು ಕೂಗುತ್ತಿದ್ದ. ನಾವು ಬದಿಗೆ ಬಂದೆವು. ಮಾಮಿ ತಂದಿದ್ದ ಹಪ್ಪಳದ ಕಟ್ಟನ್ನು ಉಮ್ಮನ ಕೈಯಲ್ಲಿ ಕೊಟ್ಟು, “ಬಸ್ಸಿಗೆ ಹೊತ್ತಾಯಿತು, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದೇನೆ” ಎಂದರು. ಹೋಗುವಾಗ ಅಜ್ಜನಿಗೆ ಸಲಾಂ ಹೇಳಿದರು. ಅಜ್ಜಿಯ ಕಡೆ ತಿರುಗಿದವರು ಪರದೆ ಇಳಿಸಿಕೊಂಡರು. ಗುಂಪಿನಲ್ಲಿ ಕಪ್ಪು ಬುರ್ಖಾಗಳು ಎಷ್ಟಿದ್ದವು! ಅಜ್ಜಿ ಅಷ್ಟನ್ನೂ ನೋಡುತ್ತಾ ನಿಂತರು.

ಮೊನ್ನೆ ಶುಕ್ರವಾರದ ಜುಮಾ ನಮಾಝ್ ಮುಗಿಸಿ ಬಂದ ಅಜ್ಜ ಅಜ್ಜಿಗೆ, “ನಾನು ಬಜಗೋಳಿಗೆ ಹೋಗುತ್ತೇನೆ. ನೀನೂ ಬಾ” ಎಂದರು. ಎಲ್ಲರ ಎದುರೇ ಹೇಳಿದರು ಬಾಪಾ, ನುಂಗಿದರು. ಅಜ್ಜಿ ಅಕ್ಕಿ ಆರಿಸುತ್ತಿದ್ದರು. “ನೀವು ಹೋಗಿ ಬನ್ನಿ. ನಾನು ಯಾವ ಮುಖದಲ್ಲಿ ಬರುವುದು?” ಎಂದರು. ಅಜ್ಜ ಒಬ್ಬರೇ ಹೋದರು. ಮೂಸಾ ಮಾಮ ತಮ್ಮ ಅಂಗಡಿ ಮುಚ್ಚಿ ಬಂದು ಕೋಳಿ ಕೊಯ್ದರಂತೆ. ಮಗು ಅಜ್ಜನ ಗಡ್ಡ ಹಿಡಿದು ಎಳೆಯಿತಂತೆ. ಇದನ್ನೆಲ್ಲ ಅಜ್ಜ ಜಗಲಿಯಲ್ಲಿ ಕೂತು ಹೇಳುವಾಗ ಅಜ್ಜಿ ಬಾಗಿಲ ಹಿಂದೆ ನಿಂತಿದ್ದರು. ಆಮೇಲೆ ಒಳಗೆ ಬಂದ ನನ್ನ ಕಿವಿಯಲ್ಲಿ, “ನನ್ನ ವಿಷಯ ಏನಾದರೂ ವಿಚಾರಿಸಿದಳಾ ಎಂದು ಅಜ್ಜನ ಹತ್ತಿರ ಕೇಳಿ ಬಾ” ಎಂದರು. ಹೋಗಿ ಕೇಳಿದೆ. ಅಜ್ಜ ಟೊಪ್ಪಿ ತೆಗೆದು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. “ವಿಚಾರಿಸಿದಳು ಎಂದು ಹೇಳು” ಎಂದರು.

ಹಾಗೆಯೇ ಹೇಳಿದೆ. ಅಜ್ಜಿ ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ.

ನೀವು ಮಾಮಿಗೆ ಒಂದು ಪತ್ರ ಬರೆಯಿರಿ. ನಿಮ್ಮ ಮಾತೆಂದರೆ ಅವರಿಗೆ ಯಾವಾಗಲೂ ಒಂದು ತೂಕ ಹೆಚ್ಚು. ಅಜ್ಜಿಯ ಮೇಲೆ ಕೋಪ ಬೇಡ, ಅವರಿಗೆ ಕೇಳಲು ಯಾರೂ ಕಲಿಸಿಲ್ಲ ಎಂದು ಬರೆಯಿರಿ.

ನಿಮ್ಮ ಆಯುಷ್ಯ ಆರೋಗ್ಯಕ್ಕೆ ಅಜ್ಜ ಅಜ್ಜಿಯ ದುಆ ಉಂಟು. ನನ್ನದೂ ಸಣ್ಣದೊಂದು ಸೇರಿಸಿಕೊಳ್ಳಿ.

ನಿಮ್ಮ ಮಗಳು
ಸಫಿಯಾ

ಮರೆತ ಮಾತು: ಮರೆತದ್ದಲ್ಲ ಬಾಪಾ, ಉಮ್ಮ ಇಲ್ಲಿಯವರೆಗೆ ಓದಿಸಿ ಕೇಳಿದರು, ಈ ಸಲ ಬೇಡ ಎನ್ನಲಿಲ್ಲ, ಅವರು ಎದ್ದು ಹೋಗಲಿ ಎಂದು ಕಾದದ್ದು. ಪ್ರತಿ ಸಲದ ಹಾಗೆ, “ನಮ್ಮ ಚಿಂತೆ ಬೇಡ, ಕೆಲಸ ನೋಡಿಕೊಳ್ಳಿ ಎಂದು ಬರೆ” ಎಂದರು. ನೀವು ಹೋಗಿ ಐದು ವರ್ಷವಾಯಿತು. ರಜೆಯ ಬದಲು ಸಂಬಳ ಕೊಡುತ್ತಾರೆ ಎಂದು ಎರಡು ಸಲ ಬರೆದಿರಿ, ಉಮ್ಮ ಎರಡು ಸಲವೂ ‘ಒಳ್ಳೆಯದೇ ಆಯಿತು’ ಎಂದು ಬರೆಸಿದರು. ನಿಮ್ಮನ್ನು ಬನ್ನಿ ಎಂದು ಯಾಕೆ ಬರೆಸುವುದಿಲ್ಲ ಎಂದು ಇವತ್ತು ನಾನು ಕೇಳಿಯೇಬಿಟ್ಟೆ. ಉಮ್ಮ ಬಂಗುಡೆ ಕೊಯ್ಯುತ್ತಿದ್ದರು, ತಲೆ ಎತ್ತಲಿಲ್ಲ. “ಬರಲಿಕ್ಕೆ ಆಗುವುದಿಲ್ಲ ಎಂದು ಬರೆದರೆ ಆಮೇಲೆ ನಾನು ಎಂತ ಮಾಡುವುದು?” ಎಂದರು.

ಉಮ್ಮ ಕೇಳುವುದಿಲ್ಲ. ಅದಕ್ಕೆ ನಾನು ಕೇಳುತ್ತಿದ್ದೇನೆ. ನೀವು ಮನೆಗೆ ಬನ್ನಿ. ಆಗುವುದಿಲ್ಲ ಎಂದಾದರೆ ಅದನ್ನೂ ಬರೆಯಿರಿ. ನಾನು ಮತ್ತೆ ಕೇಳುತ್ತೇನೆ.