ಸೈಗಾನಿನ ಓಣಿಯಲ್ಲಿ ವಾಲಗ

ಅಮ್ಮತ್ತಿ
6 ಮೇ 2025

ಪ್ರೀತಿಯ ಅತ್ತೆಗೆ ನಿಮ್ಮ ಹಿರಿಸೊಸೆ ವೀಣಾಳ ನಮಸ್ಕಾರ.

ಕಣ್ಣು ಹೇಗಿದೆ? ಆಪರೇಷನ್ ಆದ ಕಣ್ಣಿಗೆ ಹೊಗೆ ತಾಗಿಸಬೇಡಿ ಎಂದು ಡಾಕ್ಟರು ಅಷ್ಟು ಹೇಳಿದ್ದರೂ ನೀವು ಒಲೆ ಮುಂದೆಯೇ ಕೂತಿರುತ್ತೀರಿ, ನನಗೆ ಗೊತ್ತು. ಡ್ರಾಪ್ಸ್ ಮರೆಯದೆ ಹಾಕಿಸಿಕೊಳ್ಳಿ. ಮಂಡಿಗೆ ಹಚ್ಚುವ ಎಣ್ಣೆ ಮುಗಿದಿದ್ದರೆ ತಿಳಿಸಿ. ನಾನು ಚೆನ್ನಾಗಿದ್ದೇನೆ. ಕಾಫಿ ಅರಳಿಸುವ ಹೂಮಳೆ ಹೊತ್ತಿಗೆ ಸರಿಯಾಗಿ ಬಂತೆಂದು ಪಕ್ಕದ ಎಸ್ಟೇಟಿನ ಪೂವಯ್ಯನವರು ಈ ಸಲ ಯಾರನ್ನೂ ಬಯ್ಯದೆ ಓಡಾಡುತ್ತಿದ್ದಾರೆ. ಫೋನ್ ಮಾಡಿದರೆ ಅನಂತಕೃಷ್ಣ ಎತ್ತುತ್ತಾನೆ, ನನ್ನ ದನಿ ಕೇಳಿ ಇಟ್ಟುಬಿಡುತ್ತಾನೆ. ಅದಕ್ಕೇ ಕಾಗದ. ನೀವೇ ಓದಿಕೊಳ್ಳುವಂತಾಗಲಿ ಎಂದು ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ, ಒಂದನೇ ಕ್ಲಾಸಿನ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದ ಹಾಗೆ.

ವಿಷಯ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಬರುವ ಹದಿನೆಂಟಕ್ಕೆ ನಿಮ್ಮ ಮಗನ ವರ್ಷಾಂತಿಕ. ನಮಗೆ ಮಕ್ಕಳಿಲ್ಲ, ತಮ್ಮನಾದ ಅನಂತಕೃಷ್ಣನೇ ಕರ್ಮಕ್ಕೆ ಕೂರಬೇಕು. ಅವನು ಕೂರುವುದಿಲ್ಲವಂತೆ. ಗಂಡ ಹೋಗಿ ವರ್ಷ ತುಂಬುವ ಮೊದಲೇ ಪರದೇಶದಲ್ಲಿ, ಅದೂ ಯಾರದೋ ಸಾವಿನ ಮನೆಯಲ್ಲಿ ಕುಣಿದವಳು ನಾನು. ಆ ವಿಡಿಯೋ ನಾಪೋಕ್ಲು ದಾಟಿ ನಿಮ್ಮ ದೇವಸ್ಥಾನದ ಅಂಗಳದವರೆಗೂ ಬಂದಿದೆ. ಪ್ರವಾಸದಲ್ಲಿ ನನ್ನ ಜೊತೆಗಿದ್ದ ಮುತ್ತಮ್ಮ ಫೋನಿನಲ್ಲಿ ಅವನಿಗೆ ಸಮಾಧಾನ ಹೇಳಿದ್ದಕ್ಕೆ, "ತಿಳೀದೆ ಆಯ್ತು ಅಂತ ಅತ್ತಿಗೆ ಬಾಯಲ್ಲಿ ಒಂದು ಮಾತು ಬರ್ಲಿ, ನಾನು ಬಂದು ಕೂರ್ತೇನೆ" ಎಂದನಂತೆ. ಕೋಪಿಷ್ಠನಾದರೂ ಅಷ್ಟು ಮಟ್ಟಿಗೆ ನ್ಯಾಯಸ್ಥ. ನಿಮ್ಮ ಮಗನಿಗೆ ಒಂದು ಪಿಂಡ ತಪ್ಪಿಹೋದೀತಲ್ಲ ಎಂದು ನನಗೆ ನಿದ್ದೆ ಬರುತ್ತಿಲ್ಲ. ಆದರೆ ನಡೆದದ್ದನ್ನು ಮೊದಲು ನಿಮಗೆ ಹೇಳಬೇಕು. ವಿಯೆಟ್ನಾಮಿಗೆ ಹೊರಟಾಗ ಬಂಧುಗಳೆಲ್ಲ ಮುಖ ತಿರುಗಿಸಿದರೂ, "ಹೋಗಿ ಬಾ, ಗೋಡೆ ನೋಡ್ಕೊಂಡು ಎಷ್ಟು ದಿನ ಕೂರ್ತಿ" ಎಂದವರು ನೀವೊಬ್ಬರೇ.

ಬೆಳೆಗಾರರ ಪ್ರವಾಸವಾದ್ದರಿಂದ ಹಗಲೆಲ್ಲ ಕಾಫಿ ತೋಟ, ಕಾಫಿ ಮಿಲ್ಲು. ಅದನ್ನು ನಿಮಗೆ ಬರೆದು ತಲೆ ತಿನ್ನುವುದಿಲ್ಲ. ನನಗೆ ಬೆರಗಾದದ್ದು ಅಲ್ಲಿನ ಸಂಜೆ. ನಮ್ಮಲ್ಲಿ ಸಂಜೆ ಎಂದರೆ ಆನೆಗೆ ಬಿಟ್ಟುಕೊಟ್ಟ ಹೊತ್ತಲ್ಲವೇ? ಆರೂವರೆಗೆ ಗೇಟು, ಏಳಕ್ಕೆ ಬಾಗಿಲು, ಆಮೇಲೆ ಹೊರಗೆ ಏನು ಸದ್ದಾದರೂ ಕಿಟಕಿಯಿಂದಲೇ ಟಾರ್ಚು. ಸೈಗಾನಿನಲ್ಲಿ ಏಳು ಗಂಟೆಗೆ ಊರಿಗೆ ಊರೇ ಹೊರಗೆ ಬರುತ್ತದೆ. ನಮ್ಮ ಅಂಗನವಾಡಿಯಲ್ಲಿರುವಂಥ ಪುಟ್ಟ ಪ್ಲಾಸ್ಟಿಕ್ ಸ್ಟೂಲುಗಳನ್ನು ಫುಟ್‌ಪಾತಿನ ಮೇಲೆ ಹಾಕಿಕೊಂಡು ಅಜ್ಜ, ಮೊಮ್ಮಗಳು, ಆಫೀಸಿನವರು ಎಲ್ಲ ಕೂತು ತಿನ್ನುತ್ತಾರೆ. ನಾನು ಕೂತ ಮೇಲೆ ಎಬ್ಬಿಸಲು ಇಬ್ಬರು ಬೇಕಾಯಿತು. ಇವರು ಮನೆಯಲ್ಲಿ ಒಲೆ ಹಚ್ಚುವುದು ಯಾವಾಗ ಎಂದು ಗೈಡ್ ಹುಡುಗಿಯನ್ನು ಕೇಳಿದೆ. ಯಾಕೆ ಹಚ್ಚಬೇಕು ಎಂದು ಅವಳು ನನ್ನನ್ನೇ ಕೇಳಿದಳು. ಎಷ್ಟು ವರ್ಷ ನಾವಿಬ್ಬರೂ ಈ ಪ್ರಶ್ನೆಯನ್ನೇ ಕೇಳಿಕೊಳ್ಳಲಿಲ್ಲ ನೋಡಿ! ಒಂದು ಕಡೆ ನೀರಿನ ಮೇಲೆ ಗೊಂಬೆ ಆಡಿಸುತ್ತಿದ್ದರು. ಆಡಿಸುವವರು ಪರದೆಯ ಹಿಂದೆ ಸೊಂಟದವರೆಗೆ ನೀರಿನಲ್ಲಿ ನಿಂತಿರುತ್ತಾರಂತೆ. ಶೀತ ಆಗುವುದಿಲ್ಲವೇ ಎಂದು ಕೇಳಿಸಿದರೆ ಆಗುತ್ತದೆ ಎಂದರು. ಒಂದೊಂದು ಓಣಿಯಲ್ಲೂ ಯಾರಾದರೂ ಮೈಕು ಹಿಡಿದು ಶ್ರುತಿಯ ಹಂಗಿಲ್ಲದೆ ಹಾಡುತ್ತಿರುತ್ತಾರೆ, ಪಕ್ಕದ ಮನೆಯವರು ಬಯ್ಯುವುದೂ ಇಲ್ಲ. ಪೂವಯ್ಯನವರು ಉಪ್ಪು ಹಾಕಿದ ಕಾಫಿ ಕುಡಿದು, "ಇದು ನಮ್ಮ ರೊಬಸ್ಟಾನೇ ಟೀಚರೇ, ಡ್ರೆಸ್ ಮಾತ್ರ ಬೇರೆ" ಎಂದು ತೀರ್ಪು ಕೊಟ್ಟರು.

ಹೀಗೆ ಹೋಟೆಲಿಗೆ ತಿರುಗುವ ದಾರಿಯಲ್ಲಿ ಕೇಳಿಸಿತು ಅತ್ತೆ, ಡೋಲು ಮತ್ತು ಓಲಗದಂಥ ಒಂದು ಊದುವ ದನಿ. ಓಣಿಯ ತುಂಬ ಶಾಮಿಯಾನ, ಬಣ್ಣದ ದೀಪ, ಹೂವಿನ ಸ್ಟ್ಯಾಂಡು, ಮೇಜಿನ ಸುತ್ತ ಊಟ ಮಾಡುವ ಜನ. ಮುತ್ತಮ್ಮನ ಹೆಗಲು ಆಗಲೇ ಕುಣಿಯುತ್ತಿತ್ತು. "ಮದುವೆ ಮನೆ ಟೀಚರೇ! ವಾಲಗ ಹೊಡ್ದ ಮೇಲೆ ಸುಮ್ಮನೆ ನಿಲ್ಲೋದುಂಟಾ?" ಎಂದು ನನ್ನ ಕೈ ಎಳೆದೇಬಿಟ್ಟಳು. ಕೊಡಗಿನ ಯಾವ ಮದುವೆಯಲ್ಲಿ ವಾಲಗಕ್ಕೆ ಕುಣಿಯಲು ಕರೆಯೋಲೆ ಕೇಳುತ್ತಾರೆ ಹೇಳಿ? ನಿಮ್ಮ ಮಗನಂತೂ ಗುರುತಿಲ್ಲದವರ ಮದುವೆಯಲ್ಲೂ ಇಳಿದುಬಿಡುತ್ತಿದ್ದರು. ಅವರ ವಾಚು, ಕನ್ನಡಕ ಹಿಡಿದು ಗೋಡೆ ಬದಿಗೆ ನಿಲ್ಲುವುದು ನನ್ನ ಕೆಲಸ. "ಆರತಿ ಎತ್ತೋ ಮನೆತನದ ಕೈ ಅದು, ಹಾಗೆ ಬೀಸ್ಬೇಡ" ಎಂದು ನೀವು ಗದರಿ, ಒಳಗೆ ಹೋಗಿ ನಗುತ್ತಿದ್ದಿರಿ. ಆವತ್ತು ಹಿಡಿದುಕೊಳ್ಳಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ನಾವು ಏಳೆಂಟು ಜನ ಕೈ ಎತ್ತಿ ಕುಣಿಯುತ್ತಾ ಶಾಮಿಯಾನದೊಳಗೇ ಹೋದೆವು. ಎದುರಿಗಿದ್ದವರ ಹಣೆಗೆ ಬಿಳಿ ಪಟ್ಟಿ. ಗಂಡಿನ ಕಡೆಯವರ ಗುರುತಿರಬೇಕು ಎಂದುಕೊಂಡೆ, ನನ್ನ ಬುದ್ಧಿಗಿಷ್ಟು! ಅವರ ನಡುವೆ ಸಂದು ಕಂಡಾಗ ಅಲ್ಲಿ ಊದುಬತ್ತಿ, ಒಬ್ಬ ಗಂಡಸಿನ ಫೋಟೋ, ಹಿಂದೆ ಉದ್ದನೆಯ ಪೆಟ್ಟಿಗೆ. ಎತ್ತಿದ ಕೈ ಇಳಿಸಲೂ ತೋಚಲಿಲ್ಲ.

ಬಡಿಯುತ್ತಾರೆ ಎಂದೇ ನಾವೆಲ್ಲ ಎಣಿಸಿದ್ದು. ಯಾರೂ ಬಯ್ಯಲಿಲ್ಲ, ಡೋಲೂ ನಿಲ್ಲಲಿಲ್ಲ. ಗೈಡ್ ಓಡಿಬಂದು ಕೈಮುಗಿದು ಕ್ಷಮೆ ಕೇಳಿದಳು. ಮಣ್ಣಿಗೆ ಹೋಗುವ ಹಿಂದಿನ ಸಂಜೆ ಆ ಕಡೆ ಹೀಗೆ ಹಾಡು, ಕುಣಿತ ಕರೆಸುವುದುಂಟಂತೆ, ಹೋಗುವವನು ಒಂಟಿಯಾಗಿ ಹೋಗಬಾರದೆಂದು. ಸತ್ತವನ ತಾಯಿ, ನಿಮ್ಮದೇ ವಯಸ್ಸು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೀ ಕೊಟ್ಟರು. ನನ್ನ ಮಗ ನಿನಗೆ ಪರಿಚಯವೇ ಎಂದು ಗೈಡ್ ಕೈಲಿ ಕೇಳಿಸಿದರು. ಇಲ್ಲ, ನನ್ನ ಗಂಡ ತೀರಿಕೊಂಡಿದ್ದಾರೆ, ಅವರಿಗೆ ಡೋಲು ಕೇಳಿದರೆ ಕಾಲು ನಿಲ್ಲುತ್ತಿರಲಿಲ್ಲ ಎಂದೆ. ಆ ಅಮ್ಮ ನನ್ನ ಕೈ ಹಿಡಿದವರು ಬಿಡಲೇ ಇಲ್ಲ. ನನಗೆ ನಿಮ್ಮದೇ ನೆನಪಾಗಿ ಅಳು ಬಂತು. ನಿಮ್ಮ ಮಗ ಹೋದ ಮೇಲೆ ನಾನು ಜನರ ಮುಂದೆ ಅತ್ತದ್ದು ಅದೇ ಮೊದಲು.

ಕಾಗದ ಉದ್ದವಾಯಿತು. ಕಣ್ಣಿಗೆ ಆಯಾಸವಾದರೆ ಎರಡು ಸಲಕ್ಕೆ ಓದಿ. ಅನಂತಕೃಷ್ಣನಿಗೂ ಮಕ್ಕಳಿಗೂ ನನ್ನ ಹಾರೈಕೆ ತಿಳಿಸಿ, ಅವನು ಮುಖ ತಿರುಗಿಸಿಕೊಂಡರೂ ತಿಳಿಸಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ
ವೀಣಾ

ಮರೆತ ಮಾತು: ಟಪಾಲು ಎತ್ತುವ ಹೊತ್ತಾಯಿತು, ಬೇಗ ಬರೆಯುತ್ತೇನೆ. "ತಿಳೀದೆ ಆಯ್ತು" ಎಂದು ನಾನು ಹೇಳಲಾರೆ ಅತ್ತೆ. ಟೀ ಕುಡಿದ ಮೇಲೆ ಆ ಅಮ್ಮ, ನಿನ್ನ ಗಂಡ ಹೋಗುವಾಗ ಯಾರಾದರೂ ಕುಣಿದರೇ ಎಂದು ಕೇಳಿಸಿದರು. ಇಲ್ಲ ಎಂದೆ. ಹಾಗಾದರೆ ಈಗ ಕುಣಿ, ನನ್ನ ಮಗನ ಜೊತೆ ಅವನನ್ನೂ ಕಳಿಸೋಣ ಎಂದರು. ನಾನು ಎದ್ದು ಕುಣಿದೆ. ಪೂವಯ್ಯನವರ ಮಗಳು ಸಿಂಚನಾ ವಿಡಿಯೋ ತೆಗೆದದ್ದು ಆಗ. ಮೊದಲಿನದು ತಪ್ಪಿ ಆದದ್ದು, ಇದು ಎಲ್ಲ ತಿಳಿದೇ ಕುಣಿದದ್ದು, ನಿಮ್ಮ ಮಗನಿಗಾಗಿ. ಅನಂತಕೃಷ್ಣನಿಗೆ ಇದನ್ನು ನೀವೇ ಓದಿ ಹೇಳಿ. ಅವನು ಬಾರದಿದ್ದರೂ ಹದಿನೆಂಟಕ್ಕೆ ನೀವು ಬನ್ನಿ, ಹಿಂದಿನ ದಿನವೇ ಕಾರು ಕಳಿಸುತ್ತೇನೆ.