ಮಾದರಿ ಪರದೆಯ ಹಿಂದೆ

ಪರದೆ ಅಂಗಡಿಯ ಹಿಂಕೋಣೆಯಿಂದ,
ಹತ್ತನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆಯ ನಮಸ್ಕಾರಗಳು.

ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತೇ? ಚಿಕ್ಕತ್ತೆಯ ಕೆಮ್ಮು? ತಂಗಿಯ ಕೆಮ್ಮು ವಾಸಿಯಾಗುವವರೆಗೆ ಎಂದು ಹೇಳಿ ಅವರ ಮನೆಗೆ ಹೋದಿರಿ. ಮೊನ್ನೆ ಫೋನಿನಲ್ಲಿ ಅವರು ಅಷ್ಟು ಜೋರಾಗಿ ನಕ್ಕದ್ದು ಕೇಳಿ, ಈ ಕೆಮ್ಮಿನ ನೆಪ ಇನ್ನೆಷ್ಟು ದಿನ ಬಾಳೀತು ಎಂದುಕೊಂಡೆ. ಇದನ್ನೆಲ್ಲ ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ನೀವು ಫೋನನ್ನು ಸ್ಪೀಕರಿಗೆ ಹಾಕಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಪಾತ್ರೆ ತೊಳೆಯುತ್ತ ಮಾತಾಡುವವರು. ನಾನು ಹೇಳಬೇಕಾಗಿರುವುದು ಪಕ್ಕದ ಮನೆಗೆ ಕೇಳಿಸುವಂಥದ್ದಲ್ಲ. ದಯವಿಟ್ಟು ಇದನ್ನು ಒಬ್ಬರೇ ಕೂತು ಓದಿ.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಮೊಮ್ಮಗಳ ಮುಂದಿನ ಹಲ್ಲು ಬಿದ್ದಿದೆ. ಅಜ್ಜಿ ನೋಡುವವರೆಗೆ ಯಾರೂ ಮುಟ್ಟಬಾರದು ಎಂದು ಅದನ್ನು ಗುಂಡಿ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಹೊಲಿಗೆ ಯಂತ್ರದ ಮುಂದೆ ಕೂರುವ ನಮ್ಮ ಬಾಬಿನಕ್ಕ ಕನ್ನಡಕ ಹಾಕಿಕೊಳ್ಳದೆ ಅದನ್ನು ಗುಂಡಿ ಎಂದುಕೊಂಡು ಒಂದು ದಿಂಬಿನ ಚೀಲಕ್ಕೆ ಹೊಲಿಯಲು ಹೊರಟು, ತೂತು ಎಲ್ಲಿದೆ ಎಂದು ಬಹಳ ಹೊತ್ತು ಹುಡುಕಿದಳು. ನಿಮ್ಮ ಮಗ ಹೋಟೆಲಿನವರ ಹೂವಿನ ಪರದೆಯನ್ನು ತಾವೇ ಕತ್ತರಿಸಿದರು. ಹೂವಿಗೆ ಹೂವು ಕೂಡಲಿಲ್ಲ. ಎಡಗಡೆಯ ಹೂವು ಎದೆಮಟ್ಟಕ್ಕೆ ಬಂದರೆ ಬಲಗಡೆಯದು ಮಂಡಿಯ ಹತ್ತಿರ ಕೂತಿದೆ. "ಗಾಳಿಗೆ ಅಲ್ಲಾಡ್ತಾ ಇದ್ರೆ ಯಾರಿಗೂ ಗೊತ್ತಾಗಲ್ಲ" ಎಂದರು. "ಹಾಗಾದ್ರೆ ಪರದೆ ಜೊತೆ ಒಂದು ಫ್ಯಾನೂ ಕೊಟ್ಬಿಡಿ" ಎಂದಳು ಬಾಬಿನಕ್ಕ. ನೀವಿದ್ದಿದ್ದರೆ ಎಷ್ಟು ನಗುತ್ತಿದ್ದಿರಿ ಎಂದು ಬರೆಯಲು ಹೊರಟವಳು ಇಲ್ಲಿ ಪೆನ್ನು ಕೆಳಗಿಟ್ಟೆ.

ನೀವು ನಗುವುದನ್ನು ಬಿಟ್ಟು ಒಂದು ವರ್ಷದ ಮೇಲಾಯಿತು, ಅತ್ತೆ. ಬಾಬಿನಕ್ಕ ಬಾಯಿ ತೆಗೆದರೆ ಸಾಕು, ನೀವು ಕತ್ತರಿ ಇಟ್ಟು ಎದ್ದು ಹೋಗುತ್ತಿದ್ದಿರಿ. ಅಂಗಡಿ ದೊಡ್ಡದಾದ ಮೇಲೆ ಯಜಮಾನಿಗೆ ಬಿಗುಮಾನ ಬಂದಿದೆ ಎಂದು ಹೊಲಿಯುವವರು ಮಾತಾಡಿಕೊಂಡರು. ಬೆಳಿಗ್ಗೆ ನಿಮ್ಮ ಪಕ್ಕದಲ್ಲಿ ಇಟ್ಟ ಲೋಟದ ನೀರು ಸಂಜೆಗೂ ಹಾಗೇ ಇರುತ್ತಿತ್ತು. ಗಿರಾಕಿಗಳ ಮನೆಗೆ ಅಳತೆಗೆ ಹೋಗುವುದನ್ನು ಬಿಟ್ಟಿರಿ, ಮದುವೆಗಳಿಗೆ ಹೋಗುವುದನ್ನೂ ಬಿಟ್ಟಿರಿ. ವಯಸ್ಸಾಯಿತು ಎಂದು ನೀವು ಹೇಳಿದ್ದನ್ನು ನಾವು ನಂಬಿದೆವು.

ಆಮೇಲೆ ಪರದೆಯ ಒಳಪದರಕ್ಕೆ ಹಾಕುವ ಆ ಲೈನಿಂಗ್ ಬಟ್ಟೆಯ ರಗಳೆ. ಪ್ರತಿ ಥಾನಿನಲ್ಲೂ ಸ್ವಲ್ಪ ಸ್ವಲ್ಪ ಕಡಿಮೆ ಬೀಳುತ್ತಿದೆ ಎಂದು ನಿಮ್ಮ ಮಗನಿಗೆ ತಲೆ ಕೆಟ್ಟುಹೋಗಿತ್ತು. ಬಟ್ಟೆ ವ್ಯಾಪಾರಿಯೇ ಅಳತೆಯಲ್ಲಿ ಮೋಸ ಮಾಡುತ್ತಿದ್ದಾನೆ ಎಂದು ತೀರ್ಮಾನಿಸಿ, ಥಾನನ್ನು ಹೆಗಲ ಮೇಲೆ ಹೊತ್ತು, ನಮ್ಮ ಮೀಟರು ಕಡ್ಡಿಯನ್ನು ಕತ್ತಿಯ ಹಾಗೆ ಹಿಡಿದು ಅವನ ಅಂಗಡಿಗೆ ಹೋದರು. ಬೀದಿಯವರೆಲ್ಲ ನೋಡುವ ಹಾಗೆ ಜಗಳವಾಯಿತು. ಸಂಜೆ ಮನೆಗೆ ಬಂದು ಅದನ್ನೇ ಕೂಗಾಡುತ್ತಿದ್ದಾಗ ನೀವು ತಟ್ಟೆಯ ಮುಂದೆ ತಲೆ ಬಗ್ಗಿಸಿ ಕೂತಿದ್ದಿರಿ. ಮರುದಿನ ಬೆಳಿಗ್ಗೆಯೇ ಚಿಕ್ಕತ್ತೆಗೆ ಕೆಮ್ಮು ಬಂತು.

ನೀವು ಹೋದ ಮೇಲೆ ಹಿಂಕೋಣೆ ಗುಡಿಸುವಾಗ, ಗೋಡೆಗೆ ತೂಗುಹಾಕಿದ ದಪ್ಪನೆಯ ಮಾದರಿ ಪರದೆಯನ್ನು ಧೂಳು ಕೊಡವಲೆಂದು ಸರಿಸಿದೆ. ಹಿಂದೆ ಒಂದು ಹುರಿ ಕಟ್ಟಿತ್ತು. ಅದರ ಮೇಲೆ ಅಂಗೈಯಗಲದ, ಪದರ ಪದರವಾಗಿ ಹೊಲಿದ ಬಟ್ಟೆಗಳನ್ನು ಒಣಗಲು ಹಾಕಿತ್ತು. ನಮ್ಮದೇ ಲೈನಿಂಗ್ ಬಟ್ಟೆ. ಯಾರವು ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಅಂಚನ್ನು ಎರಡು ಸಲ ಒಳಗೆ ಮಡಚಿ, ಮೂಲೆಯನ್ನು ಲಕೋಟೆಯ ಹಾಗೆ ಕೂರಿಸುವುದು ಈ ಅಂಗಡಿಯಲ್ಲಿ ಒಬ್ಬರಿಗೇ ಬರುತ್ತದೆ. ನಾನು ಹೊಸದಾಗಿ ಹೊಲಿಯಲು ಕೂತಾಗ, "ಕಾಣದ ಕಡೆ ಅಂತ ಮೂಲೆ ಕೆಡಿಸ್ಬೇಡ ಕಣೇ" ಎಂದು ನನ್ನ ಹೊಲಿಗೆ ಬಿಚ್ಚಿಸಿದ್ದಿರಿ. ಮುಟ್ಟು ನಿಂತು ಎಷ್ಟೋ ವರ್ಷವಾದ ನಿಮಗೆ ಇವು ಏಕೆ ಬೇಕು ಎಂದು ಒಂದು ಕ್ಷಣ ನಿಂತೆ. ಆಮೇಲೆ ನೀರಿನ ಲೋಟ, ನಗು, ಮದುವೆಗಳು ಎಲ್ಲವೂ ಒಂದೇ ಕಡೆಗೆ ಬಂದು ಕೂಡಿಕೊಂಡವು.

ಮೊದಲು ಮಾಡಿದ ಕೆಲಸ, ಲೈನಿಂಗ್ ತೆಗೆದುಕೊಂಡವಳು ನಾನು ಎಂದು ನಿಮ್ಮ ಮಗನಿಗೆ ಹೇಳಿದ್ದು. "ಯಾಕೆ?" ಎಂದರು. "ಹೆಂಗಸರಿಗೆ ಬೇಕಿತ್ತು" ಎಂದೆ. ಮುಂದೆ ಕೇಳಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ವ್ಯಾಪಾರಿಯ ಹತ್ತಿರ ಹೋಗಿ ತಪ್ಪಾಯಿತು ಎಂದು ಹೇಳಿ ಬಂದರು. "ಏನಪ್ಪಾ, ಇವತ್ತು ಕಡ್ಡಿ ತರ್ಲಿಲ್ವಾ?" ಎಂದನಂತೆ ಅವನು. ಈಗ ಮತ್ತೆ ಸ್ನೇಹ. ಆ ವಿಷಯ ಅಲ್ಲಿಗೆ ಮುಗಿಯಿತು, ನೀವು ಅದನ್ನು ಹೊತ್ತುಕೊಂಡು ತಿರುಗಬೇಡಿ.

ಆಮೇಲೆ ಹೆರಿಗೆ ಆಸ್ಪತ್ರೆಯ ಹಿಂದಿರುವ ಹೆಂಗಸರ ಚಿಕಿತ್ಸಾಲಯಕ್ಕೆ ಹೋಗಿ ಡಾಕ್ಟರನ್ನು ಕಂಡೆ. ನಿಮ್ಮ ಹೆಸರು ಹೇಳಲಿಲ್ಲ, ಮನೆಯಲ್ಲಿ ಒಬ್ಬರಿಗೆ ಎಂದಷ್ಟೇ ಹೇಳಿದೆ. ಕೆಮ್ಮಿದರೆ, ನಕ್ಕರೆ, ಭಾರ ಎತ್ತಿದರೆ ತಡೆಯದೆ ಮೂತ್ರ ಸೋರುವುದು ತುಂಬ ಹೆಂಗಸರಿಗೆ ಇರುವ ತೊಂದರೆಯಂತೆ. ಹೆರಿಗೆಗಳಿಂದ, ವರ್ಷಗಟ್ಟಲೆ ಭಾರ ಎತ್ತುವುದರಿಂದ ಮೂತ್ರಕೋಶವನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳು ಸಡಿಲವಾಗುತ್ತವೆ. ನಾಲ್ಕು ಹೆತ್ತು, ಥಾನುಗಳನ್ನು ಮಕ್ಕಳ ಹಾಗೆ ಸೊಂಟದ ಮೇಲೆ ಹೊತ್ತವರು ನೀವು. "ವಯಸ್ಸಾಯ್ತು ಅಂತ ಸಹಿಸ್ಕೊಂಡು ಕೂರೋ ಕಾಯಿಲೆ ಅಲ್ಲಮ್ಮ ಇದು. ಹೇಳೋರೇ ಇಲ್ಲ, ಅದೇ ಕಾಯಿಲೆ" ಎಂದರು ಡಾಕ್ಟರು. ಒಮ್ಮೆ ಪರೀಕ್ಷೆ ಮಾಡಿ, ಸೋಂಕು, ಸಕ್ಕರೆ ಕಾಯಿಲೆ ಇದೆಯೇ ನೋಡಿ, ಆಮೇಲೆ ವ್ಯಾಯಾಮ ಹೇಳಿಕೊಡುತ್ತಾರೆ. ಕೂತಲ್ಲೇ ಮಾಡುವಂಥದ್ದು, ಕತ್ತರಿಸುತ್ತಲೂ ಮಾಡಬಹುದು, ಎದುರಿಗಿದ್ದವರಿಗೆ ಗೊತ್ತಾಗುವುದಿಲ್ಲ. ಕೆಲವು ತಿಂಗಳು ಬಿಡದೆ ಮಾಡಿದರೆ ಹೆಚ್ಚಿನವರಿಗೆ ಗುಣ ಕಾಣುತ್ತದೆ, ಸಾಲದಿದ್ದರೆ ಬೇರೆ ಚಿಕಿತ್ಸೆಗಳಿವೆ. ನೀರು ಕುಡಿಯುವುದನ್ನು ಬಿಡುವುದರಿಂದ ಉರಿ ಹೆಚ್ಚುತ್ತದೆಯೇ ಹೊರತು ಉಪಯೋಗವಿಲ್ಲ. ಬಟ್ಟೆಗಳನ್ನು ಪರದೆಯ ಹಿಂದೆ ಅಲ್ಲ, ಬಿಸಿಲಿನಲ್ಲಿ ಒಣಗಿಸಬೇಕು.

ಇನ್ನೊಂದು ಸುದ್ದಿ. ಅಂಗಡಿಯ ಕಕ್ಕಸಿನ ಬಾಗಿಲಿಗೆ ಒರಗಿಸಿದ ಥಾನುಗಳನ್ನೆಲ್ಲ ತೆಗೆಸಿದ್ದೇನೆ. ಇಷ್ಟು ವರ್ಷ ಅಲ್ಲಿಗೆ ಹೋಗಬೇಕಾದರೆ ನಿಮ್ಮ ಮಗನನ್ನು ಕರೆದು, ಬಟ್ಟೆ ಸರಿಸಪ್ಪ ಎನ್ನಬೇಕಿತ್ತಲ್ಲ, ಅದಕ್ಕೆ ಹೆದರಿಯೇ ಯಾರೂ ನೀರು ಕುಡಿಯುತ್ತಿರಲಿಲ್ಲ. "ಇವನ್ನೆಲ್ಲ ಎಲ್ಲಿಡ್ಲಿ, ತಲೆ ಮೇಲಾ?" ಎಂದರು. "ಹೂಂ, ಇಟ್ಕೊಳ್ಳಿ" ಎಂದೆ. ಈಗ ಅವು ಅವರ ಕುರ್ಚಿಯ ಸುತ್ತ ಇವೆ. ಅವರು ಹೊರಗೆ ಬರಬೇಕಾದರೆ ನಮ್ಮನ್ನು ಕೇಳಬೇಕು. ಬಾಬಿನಕ್ಕ ದಿನಕ್ಕೆರಡು ಸಲ ಬೇಕೆಂದೇ ಕೇಳಿಸದವಳ ಹಾಗೆ ಕೂರುತ್ತಾಳೆ.

ಚಿಕ್ಕತ್ತೆಗೆ ನನ್ನ ನಮಸ್ಕಾರ ತಿಳಿಸಿ. ಮೊಮ್ಮಗಳು ಹಲ್ಲಿಲ್ಲದ ಬಾಯಲ್ಲೇ ಮುತ್ತು ಕಳಿಸಿದ್ದಾಳೆ. ನಿಮ್ಮ ಕತ್ತರಿಯನ್ನು ಯಾರಿಗೂ ಮುಟ್ಟಲು ಬಿಟ್ಟಿಲ್ಲ.

ನಿಮ್ಮ ಆಶೀರ್ವಾದ ಬೇಡುವ,
ಸೊಸೆ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ಎಲ್ಲ ಹೇಳಿದ ಮೇಲೆ ಡಾಕ್ಟರು, "ಅವರಿಗೆ ಸರಿ, ನಿಮಗೆ?" ಎಂದು ಕೇಳಿದರು. ಚೀಲದಲ್ಲಿ ಪೆನ್ನು ಹುಡುಕುವವಳ ಹಾಗೆ ತಲೆ ಬಗ್ಗಿಸಿದೆ. ನಿಮ್ಮ ಮೊಮ್ಮಗಳು ಹುಟ್ಟಿದಾಗಿನಿಂದ ನನಗೂ ಇದೆ, ಅತ್ತೆ. ಅವಳು ಹಗ್ಗ ಜಿಗಿಯಲು ಕರೆದಾಗಲೆಲ್ಲ ತಲೆನೋವು ಎನ್ನುತ್ತಿದ್ದುದು ಅದಕ್ಕೇ. ಹತ್ತೊಂಬತ್ತನೇ ತಾರೀಖು ಮಂಗಳವಾರ ಬೆಳಿಗ್ಗೆ ಇಬ್ಬರು ಬರುತ್ತೇವೆ ಎಂದು ಬರೆಸಿ ಬಂದಿದ್ದೇನೆ. ಒಬ್ಬಳೇ ಹೋಗಲು ನನಗೆ ಧೈರ್ಯ ಬರುವುದಿಲ್ಲ. ಅಲ್ಲಿಯವರೆಗೆ ಇರಲಿ ಎಂದು ನಿಮ್ಮದನ್ನು ಮುಂದಿಟ್ಟುಕೊಂಡು ನಾನೂ ಒಂದು ಬಟ್ಟೆ ಹೊಲಿದೆ. ಮೂಲೆ ಕೂರಲೇ ಇಲ್ಲ. ಹಿಂದಿನ ದಿನ ಸೋಮವಾರ ಸಂಜೆಯೊಳಗೆ ಬನ್ನಿ, ಬಿಚ್ಚಿಸಿ ಹೇಳಿಕೊಡಿ.