ಹಿಮದೊಳಗೆ ಹುಡುಕುವ ಯಂತ್ರ

ಹೇಸ್, ಲಂಡನ್

ಅಕ್ಕಾ, ಕಾರ್ಡಿನಲ್ಲಿ ಜಾಗ ಕಡಿಮೆ. ನಿನ್ನ ಕಾಲಿಗೆ ಬಿದ್ದು ನೇರ ಸುದ್ದಿಗೆ ಬರುತ್ತೇನೆ.

ನಿನ್ನ ಮುದ್ದಿನ ಸ್ಫೂರ್ತಿ ರಜೆ ಸಿಕ್ಕಾಗಲೆಲ್ಲ ಸ್ಕಾಟ್ಲೆಂಡಿನ ಹಿಮದ ಗುಡ್ಡಕ್ಕೆ ಹೋಗಿ, ಸ್ಕೀ ಆಡುವಾಗ ಬಿದ್ದವರನ್ನು ಎತ್ತಿ ತರುತ್ತಾಳೆ. ನಿನ್ನೆ ಆ ಕೆಲಸದ ಬ್ಯಾಗನ್ನು ನಡುಮನೆಯಲ್ಲಿ ಸುರುವಿಕೊಂಡು ಕೂತಿದ್ದಳು: ಹಗ್ಗ, ಮಡಚುವ ಸಲಿಕೆ, ರಾಶಿ ಬ್ಯಾಂಡೇಜು. ಆಮೇಲೆ ಮೊಬೈಲಿನಷ್ಟಿರುವ ಯಂತ್ರವೊಂದನ್ನು ನನ್ನ ಕೈಗಿಟ್ಟು, "ಅವ್ವಾ, ಇದನ್ನ ಎಲ್ಲ್ಯರೆ ಮುಚ್ಚಿಡು. ನಾ ಇನ್ನೊಂದು ಹಿಡಕೊಂಡು ಹುಡುಕತೇನಿ, ನಡಿತೈತೋ ಇಲ್ಲೋ ನೋಡೂಣು," ಎಂದು ಹೊರಗೆ ಹೋದಳು.

ನಾನು ಅದನ್ನು ಸೊಂಟಕ್ಕೆ ಸಿಕ್ಕಿಸಿ, ಸೆರಗು ಮುಚ್ಚಿ, ರೊಟ್ಟಿ ಬಡಿಯುತ್ತ ನಿಂತೆ. ಕುಯ್ ಕುಯ್ ಎನ್ನುವ ಯಂತ್ರ ಹಿಡಿದು ಅವಳು ನಡುಮನೆ, ಮೆಟ್ಟಿಲು ಸುತ್ತಿ ಸೀದಾ ನನ್ನ ಮುಂದೆ ಬಂದು ನಿಂತಳು! ಹೊಟ್ಟೆ ಹಿಡಿದು ನಕ್ಕೆವು.

"ಯಾರನ್ನ ಹುಡುಕಾಕ ಇದು?" ಎಂದೆ.

"ಹಿಮ ಕುಸಿದು ಒಳಗ ಸಿಕ್ಕವರನ್ನ. ಗುಡ್ಡ ಹತ್ತೋರೆಲ್ಲಾ ಎದಿಗೆ ಕಟಗೊಂಡಿರತೇವಿ."

"ನೀನೂ?"

"ನಾನೂ ಅವ್ವಾ."

ತವೆಯ ಮೇಲಿನ ರೊಟ್ಟಿ ಹೊತ್ತಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ನನ್ನ ಮೊಣಕಾಲು ನೋವು ಇಳಿದಿದೆ, ನೀನು ಕೊಟ್ಟ ಎಣ್ಣೆ ಇನ್ನೂ ಅರ್ಧ ಶೀಶೆಯಿದೆ. ಸ್ಫೂರ್ತಿ ಬ್ಯಾಗು ಹೊತ್ತು ಬಾಗಿಲಲ್ಲಿ ನಿಂತಿದ್ದಾಳೆ, ಈ ಕಾರ್ಡನ್ನು ಅವಳೇ ಡಬ್ಬಿಗೆ ಹಾಕುತ್ತಾಳೆ. ಟಿವಿ ರಿಮೋಟಿನ ಸೆಲ್ಲು ಮುಗಿದರೂ ತಟ್ಟಿ ತಟ್ಟಿ ತಿಂಗಳುಗಟ್ಟಲೆ ಓಡಿಸುವವಳು ನಾನು, ನಿನಗೆ ಗೊತ್ತಲ್ಲ. ಅವಳ ಯಂತ್ರದ ಸೆಲ್ಲು ಇನ್ನೂ ಚೆನ್ನಾಗಿತ್ತು. ತೆಗೆಸಿ ಹೊಸದು ಹಾಕಿಸಿದೆ.

ನಿನ್ನ ತಂಗಿ,
ಚಂದ್ರವ್ವ